ಎಂಟು ಮಿಲಿಮೀಟರಿನ ಬೆಲೆ

2003ರಲ್ಲಿ ಕ್ಯಾನನ್ ಕಂಪನಿ ಇಒಎಸ್ 300ಡಿ ಕ್ಯಾಮೆರಾ ಬಿಡುಗಡೆ ಮಾಡಿದಾಗ ಅಮೆರಿಕದಲ್ಲಿ ಅದರ ಬೆಲೆ 899 ಡಾಲರ್ ಇತ್ತು. ಲೆನ್ಸ್ ಸಮೇತ ಬೇಕೆಂದವರು 999 ಕೊಡಬೇಕಿತ್ತು. ಅಂದರೆ ಅದೇ ಪೆಟ್ಟಿಗೆಯಲ್ಲಿ ಬರುತ್ತಿದ್ದ 18-55 ಮಿ.ಮೀ. ಲೆನ್ಸಿಗೆ ಬಿದ್ದದ್ದು ಬರೀ ನೂರು ಡಾಲರ್. ಮರುವರ್ಷ ಅದೇ ಕಂಪನಿ ಅದೇ ಬಗೆಯ ಕ್ಯಾಮೆರಾಗಳಿಗೆಂದು 10-22 ಮಿ.ಮೀ.ನ ವೈಡ್ ಆ್ಯಂಗಲ್ ಲೆನ್ಸ್ ತಂದಿತು. ಬೆಲೆ ಸುಮಾರು 800 ಡಾಲರ್. ಎರಡರ ಮೈಮೇಲೆ ಬರೆದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ತಮ್ಮ ತಮ್ಮ ಅಗಲದ ತುದಿಯಲ್ಲಿ ಎರಡರ ಅಪರ್ಚರೂ ಎಫ್ 3.5. ಎಂಟು ಪಟ್ಟು ದುಡ್ಡು ಸುರಿದವರಿಗೆ ಅಲ್ಲಿ ಹನಿಯಷ್ಟೂ ಹೆಚ್ಚು ಬೆಳಕು ಸಿಗುತ್ತಿರಲಿಲ್ಲ. ಸಿಗುತ್ತಿದ್ದುದು 18ಕ್ಕೂ 10ಕ್ಕೂ ನಡುವಿನ ಎಂಟು ಮಿಲಿಮೀಟರ್.

ಈ ಎಂಟು ಮಿಲಿಮೀಟರಿಗೆ ಅಷ್ಟು ದುಡ್ಡು ಕೊಡಬಹುದೇ ಎಂಬ ಪ್ರಶ್ನೆ ಕ್ಯಾಮೆರಾ ಕೊಂಡವರನ್ನು ವರ್ಷದೊಳಗೆ ಕಾಡದೆ ಬಿಡುವುದಿಲ್ಲ. ಆದರೆ ಅದು ಈ ರೂಪದಲ್ಲಿ ಬರುವುದು ಅಪರೂಪ. ‘ಚಿತ್ರ ಸಪ್ಪೆಯಾಗಿ ಬರ್ತಿವೆ, ಒಳ್ಳೇ ಲೆನ್ಸ್ ತಗೋಬೇಕು’ ಎಂಬ ರೂಪದಲ್ಲಿ ಬರುತ್ತದೆ. ಕ್ಯಾಮೆರಾದ ಜೊತೆಗೇ ಬರುವ ಕಿಟ್ ಲೆನ್ಸ್ ಎಂದರೆ ಕಳಪೆ, ಬೇರೆಯಾಗಿ ಕೊಂಡದ್ದು ಉತ್ತಮ ಎಂಬ ನಂಬಿಕೆ ಅದರ ಬೆನ್ನಿಗಿರುತ್ತದೆ. ಜೊತೆಗೆ ಬಂದದ್ದಕ್ಕೆ ನಮ್ಮಲ್ಲಿ ಮೊದಲಿಂದಲೂ ಮರ್ಯಾದೆ ಕಡಿಮೆ. ಸೀರೆ ಅಂಗಡಿಯವರು ಕೊಟ್ಟ ಕೈಚೀಲ ಎಷ್ಟೇ ಗಟ್ಟಿಯಾಗಿದ್ದರೂ ತರಕಾರಿಗೇ ಹೋಗುತ್ತದೆ. ನನ್ನ ವಾದ ಇಷ್ಟು: ಇವೆರಡು ಒಂದೇ ಏಣಿಯ ಕೆಳಗಿನ ಮತ್ತು ಮೇಲಿನ ಮೆಟ್ಟಿಲುಗಳಲ್ಲ. ಕಿಟ್ ಲೆನ್ಸ್ ಮಾಡುವ ಕೆಲಸವನ್ನೇ ದುಬಾರಿ ವೈಡ್ ಲೆನ್ಸ್ ಇನ್ನಷ್ಟು ಚೆನ್ನಾಗಿ ಮಾಡುತ್ತದೆ ಎಂದು ತಿಳಿದವರು ಮೋಸ ಹೋಗುತ್ತಾರೆ. ಅದು ಫೋಟೋ ತೆಗೆಯುವವರನ್ನು ಬೇರೆ ಜಾಗದಲ್ಲಿ ನಿಲ್ಲಿಸುವ ಸಾಧನ. ಆ ಜಾಗದಲ್ಲಿ ನಿಲ್ಲುವ ಅಗತ್ಯವಿಲ್ಲದವರ ಚಿತ್ರವನ್ನು ಅದು ಕೆಡಿಸಲೂಬಹುದು.

ಹಾಗಾದರೆ ಅಷ್ಟು ಬೆಲೆ ಯಾಕೆ? ಉತ್ತರ ಅಡಗಿರುವುದು ಕ್ಯಾಮೆರಾದೊಳಗಿನ ಕನ್ನಡಿಯಲ್ಲಿ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿಗೂ ಸೆನ್ಸರಿಗೂ ನಡುವೆ ಒಂದು ಕನ್ನಡಿ ಪ್ರತಿ ಕ್ಲಿಕ್ಕಿಗೂ ಎದ್ದು ಬೀಳಬೇಕು. ಅದಕ್ಕೆ ಜಾಗ ಬಿಡಲೆಂದು ಲೆನ್ಸ್ ಕೂರುವ ಬಳೆಯಿಂದ ಸೆನ್ಸರಿನವರೆಗೆ ಕ್ಯಾನನ್‌ನವರು 44 ಮಿ.ಮೀ., ನಿಕಾನ್‌ನವರು 46.5 ಮಿ.ಮೀ. ಅಂತರ ಇಟ್ಟರು. ಹೈಸ್ಕೂಲಿನ ಪಾಠದ ಪ್ರಕಾರ 10 ಮಿ.ಮೀ. ಸಂಗಮದೂರದ ಸಾದಾ ಮಸೂರ ದೂರದ ಬೆಟ್ಟದ ಬಿಂಬವನ್ನು ತನ್ನ ಬೆನ್ನಿಗೆ 10 ಮಿ.ಮೀ.ಗೇ ಮೂಡಿಸುತ್ತದೆ. ಅಲ್ಲಿ ನೋಡಿದರೆ ಕನ್ನಡಿ ಓಡಾಡುತ್ತಿದೆ. ಬಿಂಬವನ್ನು ಅದರಾಚೆಗೆ ತಳ್ಳಬೇಕು. ದುರ್ಬೀನನ್ನು ತಿರುಗಾಮುರುಗಾ ಹಿಡಿದಂತೆ, ಮುಂದೆ ಬೆಳಕನ್ನು ಚದುರಿಸುವ ದೊಡ್ಡ ನಿಮ್ನ ಮಸೂರ, ಹಿಂದೆ ಅದನ್ನು ಮತ್ತೆ ಕೂಡಿಸುವ ಮಸೂರಗಳ ಗುಂಪು. ಈ ಉಪಾಯದ 35 ಮಿ.ಮೀ. ಲೆನ್ಸೊಂದನ್ನು ಫ್ರಾನ್ಸಿನ ಪಿಯರ್ ಆಂಜೆನ್ಯೂ 1950ರಲ್ಲಿ ಸ್ಟಿಲ್ ಕ್ಯಾಮೆರಾಗಳಿಗೆ ತಂದು ‘ರೆಟ್ರೋಫೋಕಸ್’ ಎಂದು ಕರೆದರು. ಆ ಮಾದರಿಗೇ ಈಗ ಅದು ಹೆಸರಾಗಿದೆ. ಕಿಟ್ ಲೆನ್ಸಿನ 18 ಮಿ.ಮೀ. ಕೂಡ ಇದೇ ಉಪಾಯದ ಮೇಲೆ ನಡೆಯುತ್ತದೆ. ಆದರೆ 10ಕ್ಕೆ ಇಳಿಯುವಾಗ ಕಷ್ಟ ಒಮ್ಮೆಗೇ ಏರುತ್ತದೆ. ಓರೆಯಾಗಿ ಬರುವ ಬೆಳಕು ಆ ಕೋನದ ಕೊಸೈನಿನ ನಾಲ್ಕನೇ ಘಾತದಂತೆ ಕುಗ್ಗುತ್ತದೆ ಎಂಬುದು ದೃಗ್ವಿಜ್ಞಾನದ ಹಳೆಯ ಲೆಕ್ಕ. ಈ ಲೆಕ್ಕಕ್ಕೇ ಬಿಟ್ಟರೆ, 18ರಲ್ಲಿ ಚೌಕಟ್ಟಿನ ಮೂಲೆಗೆ ನಡುಭಾಗದ ಬೆಳಕಿನ ಶೇ 40ರಷ್ಟು ತಲುಪಬೇಕು. 10ರಲ್ಲಿ ಶೇ 12 ಮಾತ್ರ. ಲೆನ್ಸ್ ವಿನ್ಯಾಸ ಮಾಡುವವರ ಹೆಣಗಾಟವೆಲ್ಲ ಈ ನಷ್ಟವನ್ನು ತುಂಬುವುದಕ್ಕೆ, ಜೊತೆಗೆ ನೇರ ಗೆರೆಯನ್ನು ನೇರವಾಗಿಯೇ ಉಳಿಸುವುದಕ್ಕೆ. 10-22ರಲ್ಲಿ 13 ಮಸೂರಗಳಿವೆ; ಮೂರು ಅಗೋಳೀಯ ಮೇಲ್ಮೈಯವು, ಒಂದು ಬಣ್ಣ ಚೆದುರದಂತೆ ತಡೆಯುವ ವಿಶೇಷ ಗಾಜಿನದು. ತೂಕ 385 ಗ್ರಾಂ. ಮೊದಲ ಕಿಟ್ ಲೆನ್ಸ್ 190 ಗ್ರಾಂ. ಮುಂದಕ್ಕೆ ಸಿಕ್ಕಿಸುವ ಫಿಲ್ಟರಿನ ಅಗಲ ಒಂದಕ್ಕೆ 58 ಮಿ.ಮೀ., ಇನ್ನೊಂದಕ್ಕೆ 77.

ಇಲ್ಲಿಗೆ ಬೆಲೆಗೆ ಕಾರಣ ಸಿಕ್ಕಿತು. ಆದರೆ ಆ ದುಡ್ಡು ಹೋದದ್ದು ಎಲ್ಲಿಗೆ ಎಂಬುದನ್ನು ಗಮನಿಸಬೇಕು. ಚಿತ್ರವನ್ನು ಕಿಟ್ ಲೆನ್ಸಿಗಿಂತ ಚೂಪು ಮಾಡುವುದಕ್ಕಲ್ಲ, 107 ಡಿಗ್ರಿಯ ಕೋನದಲ್ಲಿ ಚಿತ್ರ ಹದಗೆಡದಂತೆ ಹಿಡಿದಿಡುವುದಕ್ಕೆ ಅದು ಹೋಗಿದೆ. 74 ಡಿಗ್ರಿಯ ಕಿಟ್ ಲೆನ್ಸಿಗೆ ಆ ತಾಪತ್ರಯವೇ ಇಲ್ಲ. ಇದಕ್ಕೆ ಒಳ್ಳೆಯ ಸಾಕ್ಷಿಯನ್ನು ಕ್ಯಾನನ್ನೇ 2014ರಲ್ಲಿ ಒದಗಿಸಿತು. ಆ ವರ್ಷ ಬಂದ 10-18 ಮಿ.ಮೀ. ಲೆನ್ಸಿನ ಬೆಲೆ 299 ಡಾಲರ್, ತೂಕ 240 ಗ್ರಾಂ. ಕೋನ ಅದೇ 10ರದ್ದು. ಬಿಟ್ಟುಕೊಟ್ಟದ್ದು ಒಂದಿಷ್ಟು ಬೆಳಕನ್ನು: ಎಫ್ 3.5 ಇದ್ದದ್ದು ಎಫ್ 4.5 ಆಯಿತು. ಕನ್ನಡಿಯೇ ಇಲ್ಲದ ಈಗಿನ ಕ್ಯಾಮೆರಾಗಳಲ್ಲಿ ಬಳೆಗೂ ಸೆನ್ಸರಿಗೂ ನಡುವಿನ ಅಂತರ ಕ್ಯಾನನ್‌ನಲ್ಲಿ 20 ಮಿ.ಮೀ.ಗೆ, ನಿಕಾನ್‌ನಲ್ಲಿ 16ಕ್ಕೆ ಇಳಿದಿರುವುದರಿಂದ ಅದೇ ಕೋನದ ಲೆನ್ಸ್ ಈಗ 150 ಗ್ರಾಂಗೆ ಬಂದು ನಿಂತಿದೆ. ಬೆಲೆ ಎಂಬುದು ಚಿತ್ರದ ಗುಣದ ಅಳತೆಗೋಲಾಗಿದ್ದರೆ ಹೀಗೆ ಕುಸಿಯುತ್ತಿರಲಿಲ್ಲ.

ಅತ್ತ ಕಿಟ್ ಲೆನ್ಸು ಅಗ್ಗವಾಗಿರುವುದಕ್ಕೂ ಅದರ ಯೋಗ್ಯತೆಗೂ ನಾವು ಅಂದುಕೊಂಡಷ್ಟು ನಂಟಿಲ್ಲ. ಅದು ಲಕ್ಷಾಂತರ ಸಂಖ್ಯೆಯಲ್ಲಿ ತಯಾರಾಗುತ್ತದೆ, ಬಳೆ ಲೋಹದ್ದಲ್ಲ, ಪ್ಲಾಸ್ಟಿಕ್ಕಿನದು, ಜೂಮ್ ಮಾಡಿದಂತೆಲ್ಲ ಅಪರ್ಚರ್ ಎಫ್ 5.6ಕ್ಕೆ ಕಿರಿದಾಗುತ್ತದೆ. ಕೊನೆಯದು ನಿಜವಾದ ಕೊರತೆ. 18ರಲ್ಲಿ ಗೋಡೆಯ ಅಂಚು, ಬಾಗಿಲ ಚೌಕಟ್ಟು ಹೊರಕ್ಕೆ ಉಬ್ಬಿದಂತೆ ಕಾಣುವುದೂ ನಿಜವೇ. ಆದರೆ ಈಗಿನ ಸಾಫ್ಟ್‌ವೇರ್ ಅದನ್ನು ಒಂದು ಗುಂಡಿ ಒತ್ತಿದರೆ ನೆಟ್ಟಗೆ ಮಾಡುತ್ತದೆ. ಅಪರ್ಚರನ್ನು ಎಫ್ 8ಕ್ಕೆ ಇಳಿಸಿ ತೆಗೆದ ಚಿತ್ರದ ನಡುಭಾಗವನ್ನು ನೋಡಿ ಇದು ಅಗ್ಗದ ಲೆನ್ಸ್, ಇದು ದುಬಾರಿಯದು ಎಂದು ಹೇಳುವುದು ಕಷ್ಟ. ನಿಯತಕಾಲಿಕದ ಒಂದು ಪೂರ್ತಿ ಪುಟಕ್ಕೆ, ಎ4 ಅಳತೆಯಲ್ಲಿ ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಲು ಬೇಕಾದದ್ದು ಸುಮಾರು 87 ಲಕ್ಷ ಪಿಕ್ಸೆಲ್. ಇವತ್ತಿನ 24 ಮೆಗಾಪಿಕ್ಸೆಲ್ ಸೆನ್ಸರಿನ ಮುಂದೆ ಕೂತ ಯಾವ ಕಿಟ್ ಲೆನ್ಸೂ ಅಷ್ಟನ್ನು ಲೀಲಾಜಾಲವಾಗಿ ಕೊಡುತ್ತದೆ.

ಕತ್ತಲಲ್ಲಂತೂ ಲೆಕ್ಕ ತಲೆಕೆಳಗಾಗುತ್ತದೆ. ಕ್ಯಾನನ್ 2007ರಲ್ಲಿ ತನ್ನ ಕಿಟ್ ಲೆನ್ಸಿಗೆ ಕೈನಡುಕ ತಡೆಯುವ ವ್ಯವಸ್ಥೆ ಸೇರಿಸಿತು. 10-22ಕ್ಕೆ ಅದು ಯಾವತ್ತೂ ಬರಲಿಲ್ಲ. ಹಳೇಬೀಡಿನ ಹೊಯ್ಸಳೇಶ್ವರದ ಒಳಗೆ ಕಡೆದ ಕಂಬಗಳ ಸಾಲನ್ನು ಎದುರಿಗಿಟ್ಟುಕೊಂಡು ಈ ಎರಡನ್ನೂ ತೂಗಿ ನೋಡೋಣ. ಪುರಾತತ್ವ ಸರ್ವೇಕ್ಷಣದ ಸ್ಮಾರಕಗಳಲ್ಲಿ ಟ್ರೈಪಾಡ್ ಊರಲು ಬೇರೆಯೇ ಅನುಮತಿ ಬೇಕು, ಹಾಗಾಗಿ ಎಲ್ಲ ಕೈಯಲ್ಲೇ ಹಿಡಿದು ತೆಗೆಯಬೇಕು. 18 ಮಿ.ಮೀ.ನಲ್ಲಿ ಅಲುಗದೆ ತೆಗೆಯಲು ಸೆಕೆಂಡಿನ ಮೂವತ್ತನೇ ಒಂದು ಭಾಗ ಬೇಕೆನ್ನುವುದು ವಾಡಿಕೆಯ ಲೆಕ್ಕ. ಕಂಪನಿ ಹೇಳಿದ ನಾಲ್ಕು ಸ್ಟಾಪ್ (ಒಂದೊಂದು ಸ್ಟಾಪಿಗೂ ಸಮಯ ಇಮ್ಮಡಿ) ಉಳಿತಾಯದಲ್ಲಿ ಮೂರೇ ದಕ್ಕಿತು ಎಂದಿಟ್ಟುಕೊಂಡರೂ ಅದು ಕಾಲು ಸೆಕೆಂಡಿಗೆ ಬರುತ್ತದೆ. 10ರಲ್ಲಿ ಹದಿನೈದನೇ ಒಂದು ಭಾಗ ದಾಟುವಂತಿಲ್ಲ. ಎರಡರ ಅಪರ್ಚರೂ ಎಫ್ 3.5 ಆದ್ದರಿಂದ, ಅಲುಗದ ಕಲ್ಲಿನ ಮುಂದೆ ಅಗ್ಗದ ಲೆನ್ಸು ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕು ತುಂಬಿಕೊಳ್ಳುತ್ತದೆ. ಮನುಷ್ಯರು ಓಡಾಡುತ್ತಿದ್ದರೆ ಈ ಲಾಭ ಇಲ್ಲ, ಅದು ಬೇರೆ ಮಾತು.

ಇನ್ನು ವೈಡ್ ಲೆನ್ಸು ತನ್ನ ಬೆಲೆಯನ್ನು ದುಡಿದು ತೀರಿಸುವ ಜಾಗಕ್ಕೆ ಬರೋಣ. ‘ಜಾಗ ಇಕ್ಕಟ್ಟು, ಕಿಟ್ ಲೆನ್ಸಿನಲ್ಲಿ ಹಿಡಿಯುವುದಿಲ್ಲ’ ಎಂಬುದು ಎಲ್ಲರೂ ಹೇಳುವ ಕಾರಣ. ಇದನ್ನು ಸ್ವಲ್ಪ ಅಳೆದು ನೋಡಿದರೆ ಒಂದು ತಮಾಷೆ ಹೊರಬೀಳುತ್ತದೆ. ಚೌಕಾಕಾರದ ಕೋಣೆಯೊಂದರಲ್ಲಿ ಒಂದು ಗೋಡೆಗೆ ಬೆನ್ನು ಆನಿಸಿ ನಡುಮಧ್ಯೆ ನಿಂತರೆ ಎದುರಿನ ಗೋಡೆ ನಮ್ಮ ಕಣ್ಣಿಗೆ 53 ಡಿಗ್ರಿ ಅಗಲ ಕಾಣುತ್ತದೆ. ಕೋಣೆ ಹತ್ತಡಿಯದಾದರೂ ಅಷ್ಟೇ, ಒಂದೊಂದು ಗೋಡೆಯೂ ಸುಮಾರು 41 ಮೀಟರಿನ ವಿಜಯಪುರದ ಗೋಳಗುಮ್ಮಟದ ಹಜಾರವಾದರೂ ಅಷ್ಟೇ. ಕ್ಯಾನನ್‌ನ ಸೆನ್ಸರ್ ಅಗಲ 22.3 ಮಿ.ಮೀ.; 18 ಮಿ.ಮೀ. ಲೆನ್ಸ್ ಅಡ್ಡಕ್ಕೆ ಸುಮಾರು 64 ಡಿಗ್ರಿ ಹಿಡಿಯುತ್ತದೆ. ಅಂದರೆ ಎದುರು ಗೋಡೆಯನ್ನು ಅಂಚಿನಿಂದ ಅಂಚಿಗೆ ತೋರಿಸಲು ಯಾವ ಚೌಕ ಕೋಣೆಗೂ ಕಿಟ್ ಲೆನ್ಸ್ ಸಾಕು. ಅದು ಸೋಲುವುದು ಮೂಲೆಯಲ್ಲಿ. ಮೂಲೆಯಲ್ಲಿ ನಿಂತು ಎಡದ, ಬಲದ ಎರಡೂ ಗೋಡೆಗಳನ್ನು ಅವುಗಳ ಬುಡದಿಂದಲೇ ಹಿಡಿಯಬೇಕೆಂದರೆ 90 ಡಿಗ್ರಿ ಬೇಕು. ಈ ಸೆನ್ಸರಿನಲ್ಲಿ ಅದು ಸರಿಯಾಗಿ 11 ಮಿ.ಮೀ.ನ ಆಸುಪಾಸಿಗೆ ಬರುತ್ತದೆ. 10 ಮಿ.ಮೀ. ಅಡ್ಡಕ್ಕೆ 96 ಡಿಗ್ರಿ ಕೊಡುತ್ತದೆ. ಆ 10ರ ನಿಜವಾದ ಅರ್ಥ ಇದು: ನೋಡುವವನನ್ನು ಕೋಣೆಯ ಒಳಗೇ ಕೂರಿಸುವ ಕೋನ.

ಇದಕ್ಕೆ ಇತಿಹಾಸದ ಒಂದು ಸಾಕ್ಷಿಯೂ ಇದೆ. ಬ್ರಿಟನ್ನಿನ ಬಿಲ್ ಬ್ರಾಂಟ್, 1961ರಲ್ಲಿ ಪುಸ್ತಕವಾಗಿ ಬಂದ ತಮ್ಮ ನಗ್ನಚಿತ್ರಗಳಲ್ಲಿ ಹಲವನ್ನು ತೆಗೆದದ್ದು ಹಳೆಯ ಮರದ ಕೊಡಕ್ ಕ್ಯಾಮೆರಾದಲ್ಲಿ. ಅದರ ವೈಡ್ ಲೆನ್ಸನ್ನು ಕಲೆಗೆಂದು ಮಾಡಿರಲಿಲ್ಲ. ಪೊಲೀಸರು ಅಪರಾಧ ನಡೆದ ಕೋಣೆಯನ್ನು ಒಂದೇ ಚಿತ್ರದಲ್ಲಿ ದಾಖಲಿಸಲು ಬಳಸುತ್ತಿದ್ದ ಬಗೆಯ ಕ್ಯಾಮೆರಾ ಅದು. ಕೋಣೆಯನ್ನು ನಿಷ್ಠೆಯಿಂದ ತೋರಿಸಲು ಹುಟ್ಟಿದ ಅದೇ ಲೆನ್ಸು ಹತ್ತಿರದ ಮೈಯನ್ನು ಬೆಟ್ಟಗುಡ್ಡದಂತೆ ಹಿಗ್ಗಿಸಿತು. ಬ್ರಾಂಟ್‌ಗೆ ಬೇಕಾಗಿದ್ದುದು ಅದೇ ಹಿಗ್ಗುವಿಕೆ. ಮದುವೆಯ ಫೋಟೋದಲ್ಲಿ ಅದು ಬೇಕಾಗುವುದಿಲ್ಲ.

ಈ ಹಿಗ್ಗುವಿಕೆಯನ್ನು ಹತ್ತಿರದಿಂದ ನೋಡಬೇಕು, ಯಾಕೆಂದರೆ ವೈಡ್ ಲೆನ್ಸ್ ಕೊಂಡವರ ಮೊದಲ ನಿರಾಶೆ ಹುಟ್ಟುವುದೇ ಇಲ್ಲಿ. ಗೋಡೆಗೆ ತೂಗುಹಾಕಿದ ಗಡಿಯಾರವನ್ನು 10 ಮಿ.ಮೀ.ನಲ್ಲಿ ಗೋಡೆಗೆ ನೇರವಾಗಿ ನಿಂತು, ಚೌಕಟ್ಟಿನ ತೀರಾ ಅಂಚಿಗೆ ಇಟ್ಟು ತೆಗೆಯಿರಿ. ಅದು ದುಂಡಗೇ ಬರುತ್ತದೆ. ಗಡಿಯಾರದ ಪಕ್ಕದಲ್ಲಿ ಒಂದು ನಿಂಬೆಹಣ್ಣು ಹಿಡಿಯಿರಿ. ಅದು ಮಾವಿನಕಾಯಿಯಾಗಿ ಬರುತ್ತದೆ. ನೇರ ಗೆರೆಯನ್ನು ನೇರವಾಗಿಯೇ ಉಳಿಸುವ ಲೆನ್ಸು ಚಪ್ಪಟೆಯಾದದ್ದರ ಆಕಾರವನ್ನು ಕಾಯುತ್ತದೆ, ಉಬ್ಬಿದ್ದನ್ನು ಅಂಚಿನ ಕಡೆಗೆ ಎಳೆಯುತ್ತದೆ. ಎಷ್ಟು ಎಳೆಯುತ್ತದೆ ಎಂಬುದಕ್ಕೂ ಲೆಕ್ಕವಿದೆ: 18ರ ಅಂಚಿನಲ್ಲಿ ಚೆಂಡಿನ ಉದ್ದ ಅದರ ಅಗಲದ 1.18 ಪಟ್ಟು, 10ರ ಅಂಚಿನಲ್ಲಿ ಒಂದೂವರೆ ಪಟ್ಟು. ಇದು ಲೆನ್ಸಿನ ದೋಷವಲ್ಲ, ಎಷ್ಟು ಲಕ್ಷ ಕೊಟ್ಟರೂ ಹೋಗುವುದೂ ಇಲ್ಲ. ಮನುಷ್ಯರ ತಲೆ ನಿಂಬೆಹಣ್ಣಿನ ಜಾತಿಗೆ ಸೇರಿದ್ದು. ಮಂಟಪದ ಮುಂದೆ ಇಪ್ಪತ್ತು ಜನ ಸಾಲಾಗಿ ನಿಂತಾಗ ಎಲ್ಲರೂ ಹಿಡಿಯಲಿ ಎಂದು ವೈಡ್ ಹಾಕಿದರೆ ವಧೂವರರು ಸರಿಯಾಗಿರುತ್ತಾರೆ. ತುದಿಯಲ್ಲಿ ನಿಂತ ಸೋದರಮಾವ ಕುಂಬಳಕಾಯಿಯಾಗಿರುತ್ತಾರೆ. ಸಾಕಷ್ಟು ಹಿಂದೆ ಹೋಗಿ 30 ಮಿ.ಮೀ.ನಲ್ಲಿ ತೆಗೆದರೆ ಅವರ ಮಾನ ಉಳಿಯುತ್ತದೆ.

ನಿರಾಶೆಯ ಎರಡನೇ ಜಾಗ ಬೆಟ್ಟ. ವೈಡ್ ಆ್ಯಂಗಲ್ ಎಂದರೆ ನಿಸರ್ಗದೃಶ್ಯದ ಲೆನ್ಸ್ ಎಂದು ಎಲ್ಲ ಜಾಹೀರಾತೂ ಹೇಳುತ್ತದೆ. ಐದು ಕಿಲೋಮೀಟರ್ ದೂರದಲ್ಲಿ ಬುಡದಿಂದ 500 ಮೀಟರ್ ಎದ್ದು ನಿಂತ ಗುಡ್ಡವನ್ನು ತೆಗೆದುಕೊಳ್ಳಿ. ಚಿಕ್ಕಮಗಳೂರಿನ ಕಡೆ ಅಂಥವು ಬೇಕಾದಷ್ಟಿವೆ. 10 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ ಸೆನ್ಸರಿನ ಮೇಲೆ ಒಂದೇ ಮಿಲಿಮೀಟರ್ ಎತ್ತರ ಮೂಡುತ್ತದೆ. ಸೆನ್ಸರಿನ ಎತ್ತರ ಸುಮಾರು 15 ಮಿ.ಮೀ. ಮಿಕ್ಕ ಹದಿನಾಲ್ಕರಲ್ಲಿ ಆಕಾಶ ಮತ್ತು ಹುಲ್ಲು. ಕಿಟ್ ಲೆನ್ಸಿನ 55ರ ತುದಿಯಲ್ಲಿ ಅದೇ ಗುಡ್ಡ ಐದೂವರೆ ಮಿಲಿಮೀಟರ್. ಉಸಿರು ಬಿಗಿಹಿಡಿದು ನೋಡಿದ ಸಾಲುಬೆಟ್ಟಗಳು ಮನೆಗೆ ಬಂದು ನೋಡಿದರೆ ಹುತ್ತಗಳಾಗಿರುವುದಕ್ಕೆ ಇದೇ ಕಾರಣ. ವೈಡ್ ಲೆನ್ಸು ದೂರದ್ದನ್ನು ದೊಡ್ಡದು ಮಾಡುವುದಿಲ್ಲ. ಕಾಲ ಬುಡದಲ್ಲಿರುವುದನ್ನು ದೊಡ್ಡದು ಮಾಡುತ್ತದೆ: ಬಂಡೆ, ಹೂವು, ಕೆಸರಿನ ಹೆಜ್ಜೆ. ಅಂಥದ್ದೊಂದು ಕಾಲಬುಡದಲ್ಲಿ ಇಲ್ಲದಿದ್ದರೆ ಚೌಕಟ್ಟಿನ ಮುಕ್ಕಾಲು ಭಾಗ ಖಾಲಿ ಬಯಲು. ಪೋಲರೈಸರ್ ಫಿಲ್ಟರ್ ಹಾಕಿದವರಿಗೆ ಇನ್ನೊಂದು ಕಾಟ: ಸೂರ್ಯನಿಂದ 90 ಡಿಗ್ರಿ ಆಚೆಯ ಆಕಾಶ ಮಾತ್ರ ಕಡುನೀಲಿಯಾಗಿ, ಚಿತ್ರದ ನಡುವೆ ಶಾಯಿ ಚೆಲ್ಲಿದಂತೆ ಪಟ್ಟೆ ಬೀಳುತ್ತದೆ.

‘ವೈಡ್‌ನಲ್ಲಿ ಆಳದ ಅನುಭವವೇ ಬೇರೆ’ ಎಂಬ ಮಾತಿಗೂ ಇಲ್ಲೇ ಉತ್ತರವಿದೆ. ಆ ಅನುಭವವನ್ನು ಕೊಡುವುದು ನಾವು ನಿಂತ ದೂರ. ಒಂದೇ ಜಾಗದಲ್ಲಿ ನಿಂತು 10ರಲ್ಲಿ ಒಂದು, 18ರಲ್ಲಿ ಒಂದು ಚಿತ್ರ ತೆಗೆದು, ಮೊದಲನೆಯದರ ನಡುಭಾಗವನ್ನಷ್ಟೇ ಕತ್ತರಿಸಿ ಇಟ್ಟರೆ ಎರಡೂ ಗೆರೆಗೆ ಗೆರೆ ಹೊಂದುತ್ತವೆ. ಪಿಕ್ಸೆಲ್ ಮಾತ್ರ ಮೂರರಲ್ಲೊಂದು ಪಾಲಿಗಿಂತ ತುಸು ಕಡಿಮೆ ಉಳಿಯುತ್ತದೆ. ಹಂಪಿಯ ಕಲ್ಲಿನ ರಥದ ಚಕ್ರವನ್ನು 10 ಮಿ.ಮೀ.ನಲ್ಲಿ ಒಂದು ಮೀಟರ್ ದೂರದಿಂದ ತೆಗೆದಾಗ ಹಿಂದಿನ ಮಂಟಪ ಪುಟ್ಟದಾಗಿ ಕಾಣುವುದು ಆ ಒಂದು ಮೀಟರಿನ ಫಲ. ಚಕ್ರ ಅಷ್ಟೇ ದೊಡ್ಡದಾಗಿ ಬರಲಿ ಎಂದು 18ರಲ್ಲಿ 1.8 ಮೀಟರಿಗೆ ಸರಿದರೆ, ಇಪ್ಪತ್ತು ಮೀಟರ್ ಆಚೆಯ ಮಂಟಪ ಮುಕ್ಕಾಲು ಪಾಲು ದೊಡ್ಡದಾಗುತ್ತದೆ. ಯಾವುದು ಚೆಂದ ಎಂಬುದು ತೆಗೆಯುವವರ ಮರ್ಜಿ. ಹಿಂದೆ ಸರಿಯಲು ಜಾಗವಿದ್ದಲ್ಲಿ ಕಿಟ್ ಲೆನ್ಸಿನ ಮುಂದೆ ಆಯ್ಕೆಗಳಿರುತ್ತವೆ ಎಂಬುದಷ್ಟೇ ನನ್ನ ಮಾತು. ಅದೇ ಹಂಪಿಯ ವಿರೂಪಾಕ್ಷ ಗುಡಿಯ ಪೂರ್ವದ ಗೋಪುರ ಸುಮಾರು 50 ಮೀಟರ್ ಎತ್ತರ. ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಗೋಪುರ ಹಿಂದಕ್ಕೆ ವಾಲುತ್ತದೆ. ಉದ್ದುದ್ದ ಹಿಡಿದು, ಮೇಲಕ್ಕೆತ್ತದೆ, 18 ಮಿ.ಮೀ.ನಲ್ಲಿ ತೆಗೆಯಲು ಎಂಬತ್ತು ಮೀಟರ್ ಹಿಂದೆ ನಡೆದರೆ ಸಾಕು. ಎದುರಿಗಿರುವ ರಥಬೀದಿ ಅದರ ಹಲವು ಪಟ್ಟು ಉದ್ದವಿದೆ.

ಆಕ್ಷೇಪಗಳಲ್ಲಿ ನನಗೆ ಗಟ್ಟಿ ಎನಿಸುವುದು ವೈಡ್ ಲೆನ್ಸಿನ ಪಕ್ಷದವರದ್ದಲ್ಲ, ಅದು ಬೇಡವೇ ಬೇಡ ಎನ್ನುವವರದ್ದು. ಕಿಟ್ ಲೆನ್ಸನ್ನು ಉದ್ದುದ್ದ ಹಿಡಿದು ಮೂರು ಚಿತ್ರ ತೆಗೆದು ಹೊಲಿದರೆ ನೂರು ಡಿಗ್ರಿ ಸಿಗುತ್ತದಲ್ಲ ಎನ್ನುತ್ತಾರೆ ಅವರು. ಸಿಗುತ್ತದೆ, ಬೆಟ್ಟಕ್ಕೆ ಮತ್ತು ಬಯಲಿಗೆ. ಹತ್ತಿರದ ಕಂಬವೊಂದು ಚೌಕಟ್ಟಿಗೆ ಬಂದರೆ, ಕ್ಯಾಮೆರಾ ತಿರುಗಿಸುವಾಗ ಲೆನ್ಸಿನ ಕಣ್ಣು ಕೊಂಚ ಸರಿದರೂ ಕಂಬ ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ನಿಂತು ಹೊಲಿಗೆ ಬಿಟ್ಟುಕೊಳ್ಳುತ್ತದೆ. ಜನ ಅಲುಗಾಡುತ್ತಿದ್ದರೆ ಕೇಳುವುದೇ ಬೇಡ. ಫೋನಿನ ಮಾತು ಇನ್ನೂ ಚುರುಕಾದದ್ದು. 2016ರ ಎಲ್‌ಜಿ ಜಿ5ನಿಂದ ಶುರುವಾಗಿ, 2019ರ ಐಫೋನ್ 11ರಲ್ಲಿ 120 ಡಿಗ್ರಿಯ ಅಲ್ಟ್ರಾ ವೈಡ್ ಬಂದ ಮೇಲೆ ಈ ಕೋನ ಜೇಬಿಗೇ ಇಳಿದಿದೆ. ಕ್ಯಾನನ್‌ನ 10 ಮಿ.ಮೀ.ಗಿಂತಲೂ ಅದು ಅಗಲ. ಹಗಲು ಬೆಳಕಿನಲ್ಲಿ ತೆಗೆದು ಫೋನಿನಲ್ಲೇ ನೋಡುವವರು ಇನ್ನೊಂದು ಲೆನ್ಸ್ ಕೊಳ್ಳಲು ಕಾರಣವೇ ಇಲ್ಲ, ಒಪ್ಪಿದೆ. ಕತ್ತಲಾದ ಮೇಲೆ ಅದರ ಪುಟ್ಟ ಸೆನ್ಸರ್ ಏನು ಮಾಡುತ್ತದೆ ಎಂಬುದು ಫೋನ್ ಇರುವ ಎಲ್ಲರಿಗೂ ಗೊತ್ತಿದೆ.

ಆದ್ದರಿಂದಲೇ ವೈಡ್ ಲೆನ್ಸಿಗೆ ಸರಿಯಾದ ಜಾಗವೊಂದನ್ನು ಹೇಳು ಎಂದರೆ ನಾನು ತೋರಿಸುವುದು ಯಕ್ಷಗಾನದ ಚೌಕಿಯನ್ನು. ರಾತ್ರಿಯ ಹೊತ್ತು, ಎರಡೂ ಬದಿಗೆ ಕಲಾವಿದರು ಸಾಲಾಗಿ ಕೂತು ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ, ನಡುವೆ ಒಬ್ಬರು ನಡೆದಾಡುವಷ್ಟೇ ದಾರಿ, ಬಲ್ಬಿನ ಬೆಳಕು, ಕೊನೆಯಲ್ಲಿ ದೇವರ ಮುಂದೆ ದೀಪ. ಹಿಂದೆ ಸರಿಯುವುದಕ್ಕೆ ಟಾರ್ಪಾಲು ಬಿಡುವುದಿಲ್ಲ, ಮೂರು ಚಿತ್ರ ಹೊಲಿಯುವುದಕ್ಕೆ ಕಿರೀಟ ಕಟ್ಟುವ ಕೈಗಳು ಬಿಡುವುದಿಲ್ಲ, ಫೋನಿಗೆ ಬೆಳಕು ಸಾಲದು. ಮೊದಲ ವೇಷದ ಕೈಗನ್ನಡಿಯಿಂದ ಹಿಡಿದು ತುದಿಯ ದೀಪದವರೆಗೆ ಒಂದೇ ಚೌಕಟ್ಟಿನಲ್ಲಿ ಬರಬೇಕು. ಅಂಚಿನ ಮುಖ ಹಿಗ್ಗದಂತೆ ಅಲ್ಲಿಗೆ ಮುಖದ ಬದಲು ಬಣ್ಣದ ಪೆಟ್ಟಿಗೆಯನ್ನೋ ಗೆಜ್ಜೆಯನ್ನೋ ಬಿಡುವ ಜಾಣತನ ಬೇಕು. ಅಲ್ಲಿ ಆ ಎಂಟು ಮಿಲಿಮೀಟರಿಗೆ ಎಷ್ಟು ಕೊಟ್ಟರೂ ದುಬಾರಿಯಲ್ಲ, ಮತ್ತು ಅಲ್ಲಿ 18 ಮಿ.ಮೀ. ಎಷ್ಟು ಚೂಪಾಗಿದ್ದರೂ ಪ್ರಯೋಜನವಿಲ್ಲ.

ಅಂಗಡಿಗೆ ಹೋಗುವ ಮೊದಲು ಮಾಡಬಹುದಾದ ಪರೀಕ್ಷೆಯೊಂದಿದೆ, ಖರ್ಚಿಲ್ಲದ್ದು. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದ ಜೊತೆಗೂ ಅದನ್ನು ಎಷ್ಟು ಮಿ.ಮೀ.ನಲ್ಲಿ ತೆಗೆದದ್ದು ಎಂದು ಬರೆದಿಟ್ಟಿರುತ್ತದೆ. ಕಂಪ್ಯೂಟರಿನಲ್ಲಿ ಆ ಅಂಕಿಯ ಪ್ರಕಾರ ಚಿತ್ರಗಳನ್ನು ವಿಂಗಡಿಸಿ ಇಡಬಹುದು. ಕಳೆದ ವರ್ಷ ತೆಗೆದವುಗಳಲ್ಲಿ ನಿಮಗೆ ಇಷ್ಟವಾದ ನೂರನ್ನು ಆರಿಸಿ ಹೀಗೆ ಜೋಡಿಸಿದರೆ ಹೆಚ್ಚಿನವು ಎಲ್ಲಿ ಕೂತಿವೆ ಎಂದು ಕಾಣುತ್ತದೆ. 24, 35, 55ರಲ್ಲಿ ಹರಡಿಕೊಂಡಿದ್ದರೆ ವೈಡ್ ಲೆನ್ಸು ಚೀಲದಲ್ಲೇ ಉಳಿಯುತ್ತದೆ. ಅರ್ಧಕ್ಕರ್ಧ 18ರಲ್ಲೇ ಬಂದು ಗುಡ್ಡೆ ಬಿದ್ದಿದ್ದರೆ ಒಂದೊಂದನ್ನೇ ತೆರೆದು, ಅದನ್ನು ತೆಗೆದಾಗ ನಿಮ್ಮ ಬೆನ್ನ ಹಿಂದೆ ಏನಿತ್ತು ಎಂದು ನೆನಪು ಮಾಡಿಕೊಳ್ಳಿ: ಗೋಡೆಯೋ, ಇಲ್ಲ ಹತ್ತು ಹೆಜ್ಜೆ ಖಾಲಿ ನೆಲವೋ.